ಅರವತ್ತು ದಿನಕ್ಕೆ ಮುಂಚೆ

(ಕ್ಯಾಲಿಫೋರ್ನಿಯಾದ ಸನ್ನಿವೇಲ್. ಅತ್ತಿಗೆ ಮದುವೆಯಾಗಿ ಇಲ್ಲಿಗೆ ಬಂದು ಹತ್ತಿರ ಹತ್ತಿರ ಇಪ್ಪತ್ತು ವರ್ಷ. ಮೈದುನ ಅವಳ ಗಂಡನ ಚಿಕ್ಕಪ್ಪನ ಮಗ, ದಾವಣಗೆರೆಯವನು. ಇಲ್ಲೇ ಎಂ.ಎಸ್. ಮುಗಿಸಿ ಕೆಲಸಕ್ಕೆ ಸೇರಿದ್ದಾನೆ, ಕೆಲಸದ ವೀಸಾ ಎಚ್-1ಬಿ ಈಗಷ್ಟೇ ಆಗಿದೆ. ಅದೇ ವೀಸಾದಲ್ಲಿರುವ ಅವನ ರೂಮ್‌ಮೇಟ್ ಕೆಲಸ ಕಳೆದುಕೊಂಡಿದ್ದಾನೆ.)

ಮೈದುನ: ಕೆಲಸ ಹೋದ್ರೂ ಅವನು ಇಲ್ಲಿರೋಕೆ ಇನ್ನೂ ಅರವತ್ತು ದಿನ ಇದೆ ಅತ್ತಿಗೆ. ಎರಡು ತಿಂಗಳು ಅಂದ್ರೆ ಕಡಿಮೆ ಏನಲ್ಲ. ರಾತ್ರಿ ಎಲ್ಲಾ ಕೂತು ಅರ್ಜಿ ಹಾಕ್ತಿದ್ದಾನೆ.

ಅತ್ತಿಗೆ: ಅರವತ್ತು ದಿನ ಪೂರ್ತಿ ಕೆಲಸ ಹುಡುಕೋದಕ್ಕೆ ಸಿಗಲ್ಲ ಕಣೋ. ಅಷ್ಟರೊಳಗೆ ಹೊಸ ಕಂಪನಿಯವರು ಅವನ ಹೆಸರಲ್ಲಿ ಸರ್ಕಾರಕ್ಕೆ ಅರ್ಜಿ ಸಲ್ಲಿಸಿ ಆಗಿರಬೇಕು. ಅದಕ್ಕೂ ಮುಂಚೆ ಸಂಬಳದ ವಿಚಾರವಾಗಿ ಕಾರ್ಮಿಕ ಇಲಾಖೆಯ ಒಪ್ಪಿಗೆ ಬೇಕು, ಅದಕ್ಕೆ ಏಳು ಕೆಲಸದ ದಿನ. ವಕೀಲರು ಕಾಗದಪತ್ರ ಜೋಡಿಸೋದಕ್ಕೆ ಒಂದು ವಾರ. ನಾಲ್ಕೈದು ಸುತ್ತಿನ ಇಂಟರ್‌ವ್ಯೂ ಮುಗಿದು ಆಫರ್ ಕೈಗೆ ಬರೋದಕ್ಕೆ ಮೂರು ನಾಲ್ಕು ವಾರ. ಇಷ್ಟನ್ನೂ ಕಳೆದು ನೋಡು, ಮೊದಲನೇ ಕರೆ ಬರೋದಕ್ಕೆ ಅಂತ ಎಷ್ಟು ದಿನ ಉಳೀತು?

ಮೈದುನ: ಎರಡು ವಾರ. ತುಂಬಾ ಅಂದ್ರೆ ಮೂರು.

ಅತ್ತಿಗೆ: ಆ ಎರಡು ವಾರದಲ್ಲಿ ಹೊಸಬರ ಪರಿಚಯ ಮಾಡಿಕೊಳ್ತೀನಿ ಅಂತ ಹೊರಡೋದು, ಹಬ್ಬದ ಹಿಂದಿನ ದಿನ ಬಾಳೆಗಿಡ ನೆಟ್ಟು ಊಟಕ್ಕೆ ಎಲೆ ಹುಡುಕಿದ ಹಾಗೆ. ಮೊದಲೇ ಪರಿಚಯ ಇದ್ದವರಿಗೆ ಸುದ್ದಿ ಮುಟ್ಟಿಸಬಹುದು, ಅಷ್ಟೆ. 2017ರ ಜನವರಿಗೆ ಮುಂಚೆ ಈ ಅರವತ್ತೂ ಇರಲಿಲ್ಲ. ಕೆಲಸ ಹೋದ ಮಾರನೇ ದಿನದಿಂದ ನೀನು ಇಲ್ಲಿರೋದಕ್ಕೆ ಆಧಾರವೇ ಇರ್ತಿರಲಿಲ್ಲ.

ಮೈದುನ: ಅವನಿಗೆ ಪರಿಚಯಕ್ಕೇನೂ ಕೊರತೆ ಇಲ್ಲ. ನಮ್ಮ ವಾಟ್ಸ್‌ಆ್ಯಪ್ ಗ್ರೂಪಲ್ಲೇ ಇನ್ನೂರು ಜನ ಇದ್ದೀವಿ.

ಅತ್ತಿಗೆ: ಆ ಇನ್ನೂರು ಜನ ಎಲ್ಲೆಲ್ಲಿ ಕೆಲಸ ಮಾಡ್ತಾರೆ?

ಮೈದುನ: ಹೆಚ್ಚುಕಡಿಮೆ ಅವೇ ಆರೇಳು ಕಂಪನಿ.

ಅತ್ತಿಗೆ: 2022ರ ನವೆಂಬರ್‌ನಲ್ಲಿ ಮೆಟಾ ಹನ್ನೊಂದು ಸಾವಿರ ಜನರನ್ನ ತೆಗೀತು. 2023ರ ಜನವರಿಯಲ್ಲಿ ಗೂಗಲ್ ಹನ್ನೆರಡು ಸಾವಿರ ಅಂತು. ಆಗ ನಮ್ಮ ಗ್ರೂಪಲ್ಲಿ ಏನಾಯ್ತು ಗೊತ್ತಾ? ಎಲ್ಲರೂ ರೆಫರಲ್ ಕೇಳೋರೇ. ಕೊಡೋ ಜಾಗದಲ್ಲಿ ಇದ್ದವರಿಗೂ ನಾಳೆ ತಮ್ಮ ಕುರ್ಚಿ ಇರುತ್ತೋ ಇಲ್ಲವೋ ಅನ್ನೋ ಭಯ. ಇನ್ನೂರು ಜನ ಒಂದೇ ಕಡೆ ಕೂತಿದ್ರೆ ಅವರಿಗೆಲ್ಲ ಗೊತ್ತಿರೋದೂ ಒಂದೇ. ನಿನಗೆ ಗೊತ್ತಿಲ್ಲದ ಖಾಲಿ ಜಾಗ ಅವರಲ್ಲಿ ಯಾರಿಗೆ ಗೊತ್ತಿರುತ್ತೆ ಹೇಳು?

ಮೈದುನ: ಹಾಗಾದ್ರೆ ಹತ್ತಿರದವರು ಉಪಯೋಗಕ್ಕೆ ಬರಲ್ಲ ಅಂತೀರಾ?

ಅತ್ತಿಗೆ: ಕೆಲಸ ಹೋದ ದಿನ ರಾತ್ರಿ ಊಟ ಹಾಕೋರು, ಬಾಡಿಗೆಗೆ ಸಾಲ ಕೊಡೋರು ಹತ್ತಿರದವರೇ. ಕೆಲಸದ ಸುದ್ದಿ ಮಾತ್ರ ದೂರದವರಿಂದ ಬರುತ್ತೆ. ಇದು ನನ್ನ ಮಾತಲ್ಲ. ಮಾರ್ಕ್ ಗ್ರಾನೊವೆಟರ್ ಅಂತ ಒಬ್ಬ ಸಮಾಜಶಾಸ್ತ್ರಜ್ಞರು ಹಾರ್ವರ್ಡ್‌ನಲ್ಲಿ ಓದುವಾಗ ಬಾಸ್ಟನ್ ಪಕ್ಕದ ನ್ಯೂಟನ್ ಅನ್ನೋ ಊರಲ್ಲಿ, ಆಗತಾನೇ ಕೆಲಸ ಬದಲಾಯಿಸಿದ್ದ 282 ಜನರನ್ನ ವಿಚಾರಿಸಿದರು. ಅರ್ಧಕ್ಕಿಂತ ಹೆಚ್ಚಿನವರಿಗೆ ಯಾರೋ ಪರಿಚಯದವರ ಮೂಲಕ ಕೆಲಸ ಸಿಕ್ಕಿತ್ತು. ಇಷ್ಟು ನಮಗೂ ಗೊತ್ತಿರೋ ವಿಷಯವೇ. ಅವರ ಮುಂದಿನ ಪ್ರಶ್ನೆ ನೋಡು: ಆ ಪರಿಚಯದವರನ್ನ ನೀವು ಎಷ್ಟು ಸಲ ಕಾಣ್ತಿದ್ರಿ? ವಾರಕ್ಕೆ ಎರಡು ಸಲವಾದ್ರೂ ಅಂದವರು ಆರರಲ್ಲಿ ಒಬ್ಬರು. ವರ್ಷಕ್ಕೊಂದು ಸಲ, ಅದೂ ಇಲ್ಲ ಅಂದವರು ಕಾಲು ಭಾಗಕ್ಕಿಂತ ಜಾಸ್ತಿ. ಸ್ನೇಹಿತರು ಹೇಳಿದ್ರಾ ಅಂತ ಕೇಳಿದ್ರೆ, ಅಯ್ಯೋ ಸ್ನೇಹಿತರಲ್ಲ, ಬರೀ ಪರಿಚಯ ಅಂತ ತಿದ್ದಿದವರೂ ಇದ್ದರಂತೆ. ಇದರ ಮೇಲೆ ಅವರು ಬರೆದ ಪ್ರಬಂಧ ಅಚ್ಚಾಗಿದ್ದು 1973ರಲ್ಲಿ. ಮೊದಲು ಕಳಿಸಿದ ಪತ್ರಿಕೆ ಅದನ್ನ ವಾಪಸ್ ಮಾಡಿತ್ತು.

ಮೈದುನ: ಅದು ನಮ್ಮ ಅಪ್ಪನ ಕಾಲ. ಲಿಂಕ್ಡ್‌ಇನ್ ಶುರುವಾಗಿದ್ದೇ 2003ರಲ್ಲಿ.

ಅತ್ತಿಗೆ: ಅಲ್ಲೂ ನೋಡಿದ್ದಾರೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಐದು ವರ್ಷ, ಎರಡು ಕೋಟಿ ಬಳಕೆದಾರರು. ‘ನಿಮಗೆ ಇವರ ಪರಿಚಯ ಇರಬಹುದು’ ಅಂತ ತೋರಿಸ್ತಾರಲ್ಲ, ಆ ಪಟ್ಟಿಯನ್ನೇ ಒಬ್ಬೊಬ್ಬರಿಗೆ ಒಂದೊಂದು ಥರ ಬದಲಾಯಿಸಿ, ಯಾರಿಗೆ ಎಲ್ಲಿಂದ ಕೆಲಸ ಸಿಕ್ತು ಅಂತ ನೋಡಿದರು. ಜನರಿಗೆ ಹೇಳದೇ ಅವರ ಹೊಟ್ಟೆಪಾಡಿನ ಮೇಲೆ ಪ್ರಯೋಗ ಮಾಡಿದ್ರಿ ಅಂತ ಬೈಸಿಕೊಂಡರು, ನನಗೂ ಅದು ಸರಿ ಕಾಣಲಿಲ್ಲ. ಉತ್ತರ ಮಾತ್ರ ಹಳೇದನ್ನೇ ಸ್ವಲ್ಪ ತಿದ್ದಿದ ಹಾಗಿತ್ತು. ತೀರಾ ಹತ್ತಿರದವರಿಂದ ಪ್ರಯೋಜನ ಕಡಿಮೆ, ಯಾವ ನಂಟೂ ಇಲ್ಲದವರಿಂದಲೂ ಕಡಿಮೆ. ಇಬ್ಬರಿಗೂ ಗೊತ್ತಿರೋ ಹತ್ತು ಜನ ಇದ್ದಾರೆ, ಆದರೆ ದಿನಾ ಮಾತುಕತೆ ಇಲ್ಲ, ಅಂಥವರಿಂದ ಹೆಚ್ಚು.

ಮೈದುನ: ನನ್ನ ಲಿಂಕ್ಡ್‌ಇನ್‌ನಲ್ಲಿ ಸಾವಿರದ ಮೇಲೆ ಇದ್ದಾರೆ.

ಅತ್ತಿಗೆ: ಅವರಲ್ಲಿ ನೀನು ಏನು ಕೆಲಸ ಮಾಡ್ತೀಯ ಅಂತ ಒಂದು ವಾಕ್ಯದಲ್ಲಿ ಹೇಳಬಲ್ಲವರು ಎಷ್ಟು ಜನ? ಕಂಪನಿ ಹೆಸರಲ್ಲ, ಕೆಲಸ.

ಮೈದುನ: ...

ಅತ್ತಿಗೆ: ಸುಮ್ಮನಿರು, ನಿನ್ನನ್ನ ಪರೀಕ್ಷೆ ಮಾಡ್ತಿಲ್ಲ. ಸುಮಾರು ಜನರ ಪಾಡು ಅದೇ.

ಮೈದುನ: ನನಗೆ ಇದರಲ್ಲಿ ಒಂದು ವಿಷಯ ಮುಜುಗರ ಅತ್ತಿಗೆ. ಊರಲ್ಲಿ ಯಾರಾದ್ರೂ ವಶೀಲಿ ಹಚ್ಚಿ ಕೆಲಸ ಗಿಟ್ಟಿಸಿದ್ರೆ ಮನೇಲಿ ಎಲ್ಲರೂ ಬೈತಿದ್ರು. ಇಲ್ಲಿಗೆ ಬಂದ ಮೇಲೆ ಅದನ್ನೇ ಕಲೀಬೇಕಾ? ಕೆಲಸ ಆಗಬೇಕು ಅಂತ ಜನರನ್ನ ಮಾತಾಡಿಸೋದು ಒಂಥರಾ ಅನ್ನಿಸುತ್ತೆ.

ಅತ್ತಿಗೆ: ವಶೀಲಿಯಲ್ಲಿ ಪರೀಕ್ಷೆ ಬರೆಯದೇ ಪಾಸಾಗ್ತಾರೆ. ಇಲ್ಲಿ ರೆಫರಲ್ ಇದ್ರೂ ನೀನು ಬೋರ್ಡ್ ಮುಂದೆ ನಿಂತು ಕೋಡ್ ಬರೀಲೇಬೇಕು. ಆ ಬೋರ್ಡ್ ತನಕ ಕರೆಸಿಕೊಳ್ಳೋದೇ ಕಷ್ಟ ಆಗಿರೋದ್ರಿಂದ ರೆಫರಲ್ ಬೇಕು. ಒಂದು ಜಾಗಕ್ಕೆ ಸಾವಿರ ಅರ್ಜಿ ಬಿದ್ದಾಗ ಯಾರೋ ಒಳಗಿನವರು ‘ಇವನನ್ನ ನೋಡಿ’ ಅಂದ್ರೆ ನೋಡ್ತಾರೆ. ಆದರೂ ನಿನ್ನ ಮುಜುಗರ ಪೂರ್ತಿ ತಪ್ಪು ಅನ್ನಲ್ಲ ನಾನು. ಒಳಗಿನವರಿಗೆ ಅವರ ಥರದವರೇ ಗೊತ್ತಿದ್ರೆ, ‘ಇವನನ್ನ ನೋಡಿ’ ಅನ್ನೋ ಮಾತು ಅದೇ ಥರದವರಿಗೇ ಸಿಗುತ್ತೆ. ವಶೀಲಿ ಅಲ್ಲದೇ ಹೋದ್ರೂ ಅಷ್ಟು ದೂರದ ವಸ್ತುವೂ ಅಲ್ಲ.

ಮೈದುನ: ಇಲ್ಲಿನವರು ಮೊದಲಿಂದಲೂ ಹೀಗೆ ಪರಿಚಯದ ಮೇಲೇ ನಡೀತಿದ್ರಾ?

ಅತ್ತಿಗೆ: ಹೌದು. ಮೌಂಟನ್ ವ್ಯೂನಲ್ಲಿ ವ್ಯಾಗನ್ ವೀಲ್ ಅಂತ ಒಂದು ಬಾರ್ ಇತ್ತು. ಚಿಪ್ ಮಾಡೋ ಕಂಪನಿಗಳು ಕಣ್ಣುಬಿಡ್ತಿದ್ದ ಕಾಲದಲ್ಲಿ ಫೇರ್‌ಚೈಲ್ಡ್‌ನವರು, ಪಕ್ಕದ ಕಂಪನಿಯವರು ಸಂಜೆ ಅಲ್ಲಿ ಸೇರಿ ಯಾವ ಸಮಸ್ಯೆ ಹೇಗೆ ಬಿಡಿಸಿದ್ರಿ, ಯಾರು ಯಾವ ಕಂಪನಿ ಬಿಡ್ತಾರೆ ಅಂತ ಬಾಯ್ಬಿಡ್ತಿದ್ರು. ಅನಾಲೀ ಸ್ಯಾಕ್ಸೇನಿಯನ್ ಅನ್ನೋ ಬರ್ಕ್ಲಿ ಪ್ರೊಫೆಸರ್ 1994ರ ಪುಸ್ತಕದಲ್ಲಿ ಇದನ್ನೆಲ್ಲ ಬರೆದಿದ್ದಾರೆ. ಬಾಸ್ಟನ್ ಕಡೆಯ ದೊಡ್ಡ ಕಂಪನಿಗಳು ಬಾಗಿಲು ಹಾಕಿಕೊಂಡು ಕೂತವು, ಇಲ್ಲಿಯವರು ಮಾತಾಡಿಕೊಂಡರು, ಅದಕ್ಕೇ ಈ ಸಿಲಿಕಾನ್ ಕಣಿವೆ ಮುಂದಾಯ್ತು ಅನ್ನೋದು ಅವರ ವಾದ. ಕೆಲಸ ಬಿಟ್ಟವನು ಎದುರಾಳಿ ಕಂಪನಿಗೆ ಸೇರಬಾರದು ಅನ್ನೋ ಕರಾರು ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ನಿಲ್ಲಲ್ಲ, ಅದರ ಪಾಲೂ ಇದೆ.

ಮೈದುನ: ಆ ಬಾರಲ್ಲಿ ನಮ್ಮವರು ಇದ್ರಾ?

ಅತ್ತಿಗೆ: ಅದೇ ಸರಿಯಾದ ಪ್ರಶ್ನೆ. ಹೊರಗಿಂದ ಬಂದವರಿಗೆ, ಹೆಂಗಸರಿಗೆ ಆ ಟೇಬಲ್ ಸುಲಭವಾಗಿ ಸಿಗ್ತಿರಲಿಲ್ಲ. ಅದಕ್ಕೇ ಚೀನಾದವರು, ನಮ್ಮವರು ತಮ್ಮತಮ್ಮದೇ ಸಂಘ ಕಟ್ಟಿಕೊಂಡರು. ನಮ್ಮ ಕಡೆಯ ಉದ್ಯಮಿಗಳ ಟೈ ಸಂಸ್ಥೆ 1992ರಲ್ಲಿ ಇಲ್ಲೇ ಹುಟ್ಟಿದ್ದು. ಅದೇ ಪ್ರೊಫೆಸರ್ 1999ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು: 1980ರಿಂದ 1998ರವರೆಗೆ ಈ ಕಣಿವೆಯಲ್ಲಿ ಶುರುವಾದ ತಂತ್ರಜ್ಞಾನ ಕಂಪನಿಗಳಲ್ಲಿ ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದನ್ನ ಚೀನೀ ಇಲ್ಲವೇ ಭಾರತೀಯ ಮೂಲದವರು ನಡೆಸ್ತಿದ್ರು. ಹೊರಗುಳಿದವರು ತಮ್ಮ ಮನೆ ತಾವೇ ಕಟ್ಟಿಕೊಂಡು ಗೆದ್ದ ಕಥೆ ಅದು. ಅದಕ್ಕೇ ‘ನಮ್ಮವರು’ ಅನ್ನೋದನ್ನ ನಾನು ಹಗುರವಾಗಿ ತಳ್ಳಿಹಾಕಲ್ಲ. ಕನ್ನಡ ಕೂಟಕ್ಕೆ ಪ್ರತಿ ರಾಜ್ಯೋತ್ಸವಕ್ಕೂ ಹೋಗ್ತೀನಿ, ಚಿತ್ರಾನ್ನ ಬಡಿಸ್ತೀನಿ, ಮಕ್ಕಳ ಕನ್ನಡ ಕಲಿ ತರಗತಿಗೆ ಬೇಕಾದ್ರೆ ಕಾರು ಓಡಿಸ್ತೀನಿ. ಆದರೆ ಅಲ್ಲಿ ಹೊಸಬರು ಬಂದಾಗ ಮೊದಲ ಐದು ನಿಮಿಷದ ಮಾತು ಕೇಳಿದ್ದೀಯಾ? ಯಾವೂರು? ಆ ಊರಲ್ಲಿ ಯಾವ ಕಡೆ? ನಿಮ್ಮ ತಂದೆ ಹೆಸರು? ಮನೇಲಿ ನಾನ್‌ವೆಜ್ ಮಾಡ್ತೀರಾ?

ಮೈದುನ: ಸುಮ್ನೆ ಮಾತಿಗೆ ಕೇಳ್ತಾರೆ ಅತ್ತಿಗೆ.

ಅತ್ತಿಗೆ: ನಮ್ಮ ಮನೆ ಹೆಸರು ಹೇಳಿದ್ರೆ ನಮಗೇನೂ ಆಗಲ್ಲ, ಅದಕ್ಕೇ ನಮಗೆ ಅದು ಸುಮ್ನೆ ಮಾತು. ಉತ್ತರ ಹೇಳೋಕೆ ಹಿಂಜರಿಯೋನಿಗೆ ಅದೇ ಇಂಟರ್‌ವ್ಯೂ. 2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆಯೊಂದು ಸಿಸ್ಕೋ ಮೇಲೆ ಮೊಕದ್ದಮೆ ಹೂಡಿತಲ್ಲ, ಓದಿದ್ದೀಯಾ? ದಲಿತ ಇಂಜಿನಿಯರ್ ಒಬ್ಬರಿಗೆ ಜಾತಿ ಕಾರಣಕ್ಕೆ ಅನ್ಯಾಯ ಆಯ್ತು ಅನ್ನೋದು ದೂರು. ಕಂಪನಿ ಒಪ್ಪಲಿಲ್ಲ. ಮೇಲಧಿಕಾರಿಗಳಿಬ್ಬರ ಮೇಲಿನ ಭಾಗವನ್ನ 2023ರಲ್ಲಿ ಇಲಾಖೆಯೇ ಕೈಬಿಡ್ತು. ಸರಿತಪ್ಪು ಕೋರ್ಟಿಗೆ ಬಿಡೋಣ. ನನ್ನ ತಲೆಯಲ್ಲಿ ಕೂತಿರೋದು ಆ ದೂರಿನ ಒಂದು ಅಂಶ: ಅವರ ಜಾತಿ ಆಫೀಸಿಗೆ ಗೊತ್ತಾಗಿದ್ದು ಹೇಗೆ? ಅವರ ಜೊತೆ ಅದೇ ಕಾಲದಲ್ಲಿ ಐಐಟಿಯಲ್ಲಿ ಓದಿದ್ದ ಮೇಲಧಿಕಾರಿ, ಇವರ ಸೀಟು ಮೀಸಲಾತಿಯದು ಅಂತ ಸಹೋದ್ಯೋಗಿಗಳಿಗೆ ಹೇಳಿದ್ರಂತೆ. ಹಳೇ ವಿದ್ಯಾರ್ಥಿಗಳ ಬಳಗ ಅಂತ ನಾವು ಹೊಗಳ್ತೀವಲ್ಲ, ‘ಇವನು ಬುದ್ಧಿವಂತ’ ಅನ್ನೋ ಮಾತು ಹೋಗೋ ದಾರಿಯಲ್ಲೇ ಇದೂ ಹೋಯ್ತು.

ಮೈದುನ: ಸಿಯಾಟಲ್‌ನಲ್ಲಿ ಜಾತಿ ತಾರತಮ್ಯದ ಮೇಲೆ ಕಾನೂನು ಬಂತಲ್ಲ.

ಅತ್ತಿಗೆ: ಬಂತು, 2023ರ ಫೆಬ್ರವರಿಯಲ್ಲಿ. ಇಲ್ಲಿ ಅದೇ ವರ್ಷ ಶಾಸನಸಭೆ ಪಾಸು ಮಾಡಿದ ಮಸೂದೆಗೆ ಗವರ್ನರ್ ಸಹಿ ಹಾಕಲಿಲ್ಲ, ಈಗಿರೋ ಕಾನೂನೇ ಸಾಕು ಅಂದರು. ಕಾನೂನು ಬಂದ್ರೂ ಊಟದ ಟೇಬಲ್ ತನಕ ಬರಲ್ಲ ಬಿಡು. ನೀನು ಮಧ್ಯಾಹ್ನ ಯಾರ ಜೊತೆ ಊಟಕ್ಕೆ ಕೂರ್ತೀಯ?

ಮೈದುನ: ನಮ್ಮ ಹುಡುಗರ ಜೊತೆ. ಹೈದರಾಬಾದಿನವರು ಇಬ್ಬರು, ಪುಣೆಯವನೊಬ್ಬ.

ಅತ್ತಿಗೆ: ವಾರಕ್ಕೆ ಒಂದು ದಿನ ಬೇರೆ ಕಡೆ ಕೂರು.

ಮೈದುನ: ಹೋಗಿ ಏನು ಮಾತಾಡೋದು? ಅವರು ಫುಟ್‌ಬಾಲು, ಕ್ಯಾಂಪಿಂಗು ಅಂತಿರ್ತಾರೆ. ನಡುವೆ ನಗೋದು ಎಲ್ಲಿ ಅಂತಾನೂ ಗೊತ್ತಾಗಲ್ಲ.

ಅತ್ತಿಗೆ: ಫುಟ್‌ಬಾಲ್ ಯಾಕೆ? ಕೆಲಸದ ವಿಷಯ ಮಾತಾಡು, ಅದರಲ್ಲಿ ನೀನು ಯಾರಿಗೂ ಕಡಿಮೆ ಇಲ್ಲ. ‘ಹೋದ ವಾರ ನಿಮ್ಮ ಟೀಮ್ ಆ ಡೇಟಾಬೇಸ್ ಬದಲಾಯಿಸ್ತಲ್ಲ, ಎಲ್ಲಿ ಸಿಕ್ಕಿಹಾಕಿಕೊಂಡಿತು?’ ಅಂತ ಕೇಳು. ಎದ್ದು ಹೋಗೋದಕ್ಕೆ ಬಿಡಲ್ಲ ನಿನ್ನನ್ನ, ಅಷ್ಟು ಮಾತಾಡ್ತಾರೆ. ಇಂಜಿನಿಯರುಗಳು ಎಲ್ಲಾ ದೇಶದಲ್ಲೂ ಒಂದೇ, ತಾವು ಪಟ್ಟ ಕಷ್ಟವನ್ನ ಯಾರಾದ್ರೂ ಕೇಳಿದ್ರೆ ಸಾಕು. ಮುಂದಿನ ವರ್ಷ ಅವರಲ್ಲಿ ಒಬ್ಬರು ಇನ್ನೊಂದು ಕಂಪನಿಗೆ ಹೋಗ್ತಾರೆ. ಅಲ್ಲಿ ಜಾಗ ಖಾಲಿ ಆದಾಗ ಅವರಿಗೆ ನೆನಪಾಗೋದು ಆ ಪ್ರಶ್ನೆ ಕೇಳಿದ ಹುಡುಗ.

ಮೈದುನ: ನಿಮಗೆ ಹಾಗೇ ಆಯ್ತಾ?

ಅತ್ತಿಗೆ: ನನ್ನದು ಬೇರೆ. ನಾನು ಬಂದಿದ್ದು ಎಚ್-4 ಮೇಲೆ, ಗಂಡನ ವೀಸಾದ ಬಾಲ ಹಿಡಿದುಕೊಂಡು. ಬಿ.ಇ. ಇದ್ರೂ ಒಂದು ಡಾಲರ್ ದುಡಿಯೋ ಹಾಗಿರಲಿಲ್ಲ. ಓದಬಹುದಿತ್ತು. ಕುಪರ್ಟಿನೋದ ಡಿ ಆಂಜ಼ಾ ಕಾಲೇಜಲ್ಲಿ ಸಂಜೆ ಸಂಖ್ಯಾಶಾಸ್ತ್ರದ ಕ್ಲಾಸಿಗೆ ಸೇರಿದೆ. ಮನೇಲಿ ಕೂತು ತಲೆ ಕೆಡ್ತಿತ್ತು, ಅದಕ್ಕೆ ಸೇರಿದ್ದು. ಅದರಿಂದ ಮುಂದೆ ಏನಾದ್ರೂ ಆಗುತ್ತೆ ಅಂತ ಯಾರು ಎಣಿಸಿದ್ರು? ಅಲ್ಲಿ ನನ್ನ ಜೊತೆ ಪ್ರಾಜೆಕ್ಟ್ ಮಾಡಿದ್ದು ಒಬ್ಬ ವಿಯೆಟ್ನಾಮಿ ಹೆಂಗಸು. ವೈದ್ಯಕೀಯ ಉಪಕರಣ ಮಾಡೋ ಕಂಪನಿಯಲ್ಲಿ ಗುಣಮಟ್ಟ ನೋಡಿಕೊಳ್ತಿದ್ರು. ಸ್ನೇಹ ಅಂತ ಹೇಳೋ ಹಾಗಿರಲಿಲ್ಲ, ಒಬ್ಬರ ಮನೆಗೆ ಇನ್ನೊಬ್ಬರು ಹೋದವರಲ್ಲ. ಅವರ ಹೊಸ ವರ್ಷಕ್ಕೆ ನಾನು ಎರಡು ಸಾಲು ಕಳಿಸ್ತಿದ್ದೆ, ದೀಪಾವಳಿಗೆ ಅವರು. 2015ರ ಮೇ ತಿಂಗಳಲ್ಲಿ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವರ ಹೆಂಡತಿ, ಗಂಡಂದಿರಿಗೆ ಕೆಲಸ ಮಾಡೋ ಅನುಮತಿ ಕೊಟ್ಟರಲ್ಲ, ನನ್ನದು ಕೈಗೆ ಬಂದ ಮೇಲೆ ಆ ಹೆಂಗಸಿಗೆ ಬರೆದೆ.

ಮೈದುನ: ಕೆಲಸ ಕೊಡಿಸಿ ಅಂತ?

ಅತ್ತಿಗೆ: ಅಲ್ಲ. ‘ನನಗೆ ಈಗ ಕೆಲಸ ಮಾಡೋ ಅನುಮತಿ ಬಂದಿದೆ. ನಿಮ್ಮ ಕ್ಷೇತ್ರಕ್ಕೆ ಹೊಸದಾಗಿ ಬರೋರು ಯಾವ ಕೆಲಸದಿಂದ ಶುರು ಮಾಡ್ತಾರೆ?’ ಇಷ್ಟೆ. ಆ ಹೊತ್ತಿಗೆ ಅವರು ಬೇರೆ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ರು, ನನಗದು ಗೊತ್ತಿರಲಿಲ್ಲ. ನನ್ನ ಲೆಕ್ಕಾಚಾರ ಹೇಗಿರುತ್ತೆ ಅಂತ ಅವರು ಆ ಕ್ಲಾಸಲ್ಲೇ ನೋಡಿದ್ದರು. ನನ್ನ ರೆಸ್ಯೂಮೆಯಲ್ಲಿದ್ದ ಅಷ್ಟು ವರ್ಷದ ಖಾಲಿ ಜಾಗದ ಬಗ್ಗೆ ಕಾರಣ ಕೇಳದೇ ಇದ್ದವರು ಅವರೊಬ್ಬರೇ. ಇಲ್ಲಿನ ಕನ್ನಡದವರಿಗೆಲ್ಲ ನಾನು ‘ಇಂಥವರ ಹೆಂಡತಿ, ಪುಳಿಯೋಗರೆ ಚೆನ್ನಾಗಿ ಮಾಡ್ತಾರೆ’ ಅಂತ ಗೊತ್ತಿತ್ತು. ಅದರ ಮೇಲೆ ರೆಫರಲ್ ಬರೆಯೋಕಾಗಲ್ಲವಲ್ಲ.

ಮೈದುನ: (ನಗುತ್ತಾ) ಪುಳಿಯೋಗರೆ ಚೆನ್ನಾಗೇ ಇರುತ್ತೆ.

ಅತ್ತಿಗೆ: ಸಾಕು. ನಿನ್ನ ರೂಮ್‌ಮೇಟ್ ಜನಕ್ಕೆ ಏನು ಬರೆದು ಕಳಿಸ್ತಿದ್ದಾನೆ, ತೋರಿಸು.

ಮೈದುನ: ನನಗೂ ಒಂದು ಕಳಿಸಿದ್ದಾನೆ, ನೋಡಿ. ‘ಗೌರವಾನ್ವಿತರೇ, ತಾವು ಕ್ಷೇಮವೆಂದು ಭಾವಿಸುತ್ತೇನೆ. ಇತ್ತೀಚಿನ ಬದಲಾವಣೆಗಳಿಂದಾಗಿ ನಾನು ಹೊಸ ಅವಕಾಶಗಳನ್ನು ಹುಡುಕುತ್ತಿದ್ದೇನೆ. ತಮ್ಮ ಸಂಸ್ಥೆಯಲ್ಲಿ ಸೂಕ್ತವಾದ ಯಾವುದೇ ಹುದ್ದೆ ಇದ್ದರೆ ದಯವಿಟ್ಟು ತಿಳಿಸಿ.’ ಇಂಗ್ಲಿಷಲ್ಲಿ ಇದೆ, ನಾನು ಕನ್ನಡ ಮಾಡಿ ಹೇಳಿದೆ.

ಅತ್ತಿಗೆ: ಯಾವ ಭಾಷೆಯಲ್ಲಿ ಓದಿದ್ರೂ ಇದರಲ್ಲಿ ಅವನು ಯಾರು ಅಂತ ಇಲ್ಲ. ‘ಯಾವುದೇ ಹುದ್ದೆ’ ಅಂದ್ರೆ ಹುಡುಕೋ ಕೆಲಸವನ್ನ ಓದೋರ ತಲೆಗೆ ಕಟ್ಟಿದ ಹಾಗಾಯ್ತು. ಅವರು ಆಮೇಲೆ ನೋಡೋಣ ಅಂತ ಇಡ್ತಾರೆ, ಮರೀತಾರೆ. ಕೆಟ್ಟವರಲ್ಲ, ಅವರಿಗೂ ಮೀಟಿಂಗ್ ಇರುತ್ತೆ. ಅವನೇ ಮೊದಲು ಆ ಕಂಪನಿಯ ಪುಟಕ್ಕೆ ಹೋಗಿ ತನಗೆ ಹೊಂದೋ ಒಂದು ಜಾಗ ಹುಡುಕಬೇಕು, ಅದರ ನಂಬರ್ ಹಾಕಬೇಕು. ‘ನಾವಿಬ್ಬರೂ ಇಂಥ ಪ್ರಾಜೆಕ್ಟಿನಲ್ಲಿ ಇದ್ವಿ, ನಾನು ಪಾವತಿ ವ್ಯವಸ್ಥೆಯ ಈ ಭಾಗ ಬರೆದೆ, ಈ ಜಾಗಕ್ಕೆ ಹಾಕಬೇಕು ಅಂತಿದ್ದೀನಿ, ನಿಮಗೆ ಆ ಟೀಮ್ ಗೊತ್ತಾ?’ ಹೌದು, ಇಲ್ಲ ಅಂತ ಉತ್ತರ ಕೊಡೋ ಹಾಗಿರಬೇಕು. ವೀಸಾ ಗಡುವು ಯಾವ ತಾರೀಖು ಅಂತಾನೂ ಹಾಕಲಿ.

ಮೈದುನ: ಅದನ್ನ ಮುಚ್ಚಿಡು ಅಂತ ಎಲ್ಲರೂ ಹೇಳ್ತಾರೆ.

ಅತ್ತಿಗೆ: ಅಪರಿಚಿತರ ಹತ್ತಿರ ಮುಚ್ಚಿಡಲಿ. ಪರಿಚಯದವರಿಗೆ ಗಡುವು ಗೊತ್ತಿಲ್ಲದಿದ್ರೆ ಮುಂದಿನ ತಿಂಗಳು ಮಾತಾಡೋಣ ಅಂತಾರೆ. ಇನ್ನೊಂದು, ನಾನು ಯಾರಿಗಾದ್ರೂ ಅವನನ್ನ ಪರಿಚಯಿಸಬೇಕು ಅಂದ್ರೆ, ಹಾಗೇ ಮುಂದಕ್ಕೆ ಕಳಿಸೋ ಥರ ಚಿಕ್ಕ ಮೇಲ್ ಬರೆದು ನನಗೆ ಕೊಡಲಿ. ನಾನು ಮೊದಲು ಅವರನ್ನ ಕೇಳ್ತೀನಿ, ಅವರು ಆಗಲಿ ಅಂದ ಮೇಲೆ ಇಬ್ಬರನ್ನೂ ಸೇರಿಸ್ತೀನಿ. ಕೇಳದೇ ಒಬ್ಬರ ನಂಬರ್ ಇನ್ನೊಬ್ಬರಿಗೆ ಕೊಡಲ್ಲ. ಅವನ ಹಳೇ ಸಹೋದ್ಯೋಗಿಗಳ ವಿಳಾಸ ಇದೆಯಾ ಅವನ ಹತ್ತಿರ?

ಮೈದುನ: ಎಲ್ಲಾ ಕಂಪನಿ ಮೇಲಲ್ಲಿತ್ತಂತೆ. ಬೆಳಿಗ್ಗೆ ಎದ್ದು ಲ್ಯಾಪ್‌ಟಾಪ್ ತೆಗೆದ್ರೆ ಲಾಗಿನ್ನೇ ಆಗಲಿಲ್ಲ.

ಅತ್ತಿಗೆ: ನಿನ್ನದು ಎಲ್ಲಿದೆ?

ಮೈದುನ: ಈಗಲೇ ಬರೆದಿಟ್ಟುಕೊಳ್ತೀನಿ.

ಅತ್ತಿಗೆ: ಹೆಸರು, ನಂಬರ್, ಸ್ವಂತ ಮೇಲ್, ಅಷ್ಟೇ. ಕಂಪನಿ ದಾಖಲೆ ಒಂದನ್ನೂ ಮುಟ್ಟಬೇಡ. ಇಲ್ಲಿಗೆ ಬರೋ ಮುಂಚೆ ನೀನು ಕೆಲಸ ಮಾಡ್ತಿದ್ದ ಬೆಂಗಳೂರಿನ ಹಳೇ ಟೀಮಿನವರ ಹೆಸರೂ ಸೇರಿಸು. ಹೊರವರ್ತುಲ ರಸ್ತೆಯ ಆಫೀಸುಗಳಲ್ಲಿ ಇವತ್ತು ಕೂತಿರೋರೇ ಇಲ್ಲಿನ ಕಂಪನಿಗಳ ಎಷ್ಟೋ ಕೆಲಸ ಮಾಡ್ತಿದ್ದಾರೆ. ಅಮೆರಿಕಕ್ಕೆ ಬಂದ ಮೇಲೆ ಅವರನ್ನ ಜೂನಿಯರ್ ಅಂತ ಮರೆತುಬಿಡೋರಿದ್ದಾರೆ. ನೀನು ನಾಳೆ ವಾಪಸ್ ಹೋಗೋದಾದ್ರೆ ಇಂಟರ್‌ವ್ಯೂ ತಗೊಳ್ಳೋರು ಅವರೇ ಇರಬಹುದು.

ಮೈದುನ: ಅತ್ತಿಗೆ, ಇನ್ನೊಂದಿದೆ. ನಮ್ಮ ಕಾಲೇಜಿನ ಜೂನಿಯರ್ ಒಬ್ಬ, ಇಲ್ಲೇ ಓದು ಮುಗಿಸಿದ್ದಾನೆ. ಓದಾದ ಮೇಲೆ ಕೆಲಸ ಮಾಡೋಕೆ ಸಿಗೋ ಅನುಮತಿ, ಓಪಿಟಿಯಲ್ಲಿ ಕೆಲಸ ಇಲ್ಲದೇ ತೊಂಬತ್ತು ದಿನ ಮಾತ್ರ ಇರಬಹುದಲ್ಲ, ಅದರಲ್ಲಿ ಅರ್ಧ ಮುಗಿದಿದೆ. ನನ್ನನ್ನ ರೆಫರಲ್ ಕೇಳಿದ್ದಾನೆ. ನಮ್ಮ ಫಾರ್ಮ್‌ನಲ್ಲಿ ‘ಇವರ ಜೊತೆ ಕೆಲಸ ಮಾಡಿದ್ದೀರಾ?’ ಅಂತ ಇದೆ. ನಾನು ಅವನನ್ನ ಸರಿಯಾಗಿ ನೋಡಿಯೂ ಇಲ್ಲ. ಹೌದು ಅಂತ ಹಾಕಿಬಿಡ್ಲಾ? ಎಲ್ಲರೂ ಹಾಕ್ತಾರೆ.

ಅತ್ತಿಗೆ: ಇಲ್ಲ ಅಂತ ಹಾಕು.

ಮೈದುನ: ಹಾಗಂದ್ರೆ ಯಾರೂ ಕರೆಯಲ್ಲ ಅವನನ್ನ.

ಅತ್ತಿಗೆ: ಕೆಳಗೆ ಬರೆಯೋದಕ್ಕೆ ಜಾಗ ಇರುತ್ತಲ್ಲ? ಅವನು ಏನಾದ್ರೂ ಮಾಡಿರೋದು ತೋರಿಸಿದ್ದಾನಾ?

ಮೈದುನ: ಗಿಟ್‌ಹಬ್ ಲಿಂಕ್ ಕಳಿಸಿದ್ದಾನೆ. ತೆಗೆದು ನೋಡಿಲ್ಲ.

ಅತ್ತಿಗೆ: ಒಂದು ಗಂಟೆ ಕೂತು ಅದನ್ನ ಓದು. ಅರ್ಥ ಆಗದಿದ್ದನ್ನ ಅವನಿಗೇ ಫೋನ್ ಮಾಡಿ ಕೇಳು, ಹೇಗೆ ಯೋಚನೆ ಮಾಡ್ತಾನೆ ಅಂತ ಗೊತ್ತಾಗುತ್ತೆ. ಆಮೇಲೆ ‘ಜೊತೆ ಕೆಲಸ ಮಾಡಿಲ್ಲ, ಕೋಡ್ ಓದಿದ್ದೀನಿ, ಇಂಥದ್ದು ಚೆನ್ನಾಗಿದೆ’ ಅಂತ ನಿಜ ಇದ್ದಷ್ಟು ಬರಿ.

ಮೈದುನ: ಚೆನ್ನಾಗಿಲ್ಲದಿದ್ರೆ?

ಅತ್ತಿಗೆ: ಅದನ್ನೂ ಅವನಿಗೇ ಹೇಳು, ಎಲ್ಲಿ ಸರಿ ಇಲ್ಲ ಅಂತ. ತೊಂಬತ್ತರಲ್ಲಿ ಅರ್ಧ ಇನ್ನೂ ಇದೆಯಲ್ಲ ಅವನಿಗೆ. ಲ್ಯಾಪ್‌ಟಾಪ್ ತಂದಿದ್ದೀಯಾ?

ಮೈದುನ: ಕಾರಲ್ಲಿದೆ.

ಅತ್ತಿಗೆ: ತಗೊಂಡು ಬಾ ಹೋಗು. ನಿನ್ನ ರೂಮ್‌ಮೇಟ್‌ಗೂ ಫೋನ್ ಮಾಡಿ, ಊಟಕ್ಕೆ ಇಲ್ಲಿಗೇ ಬರೋಕೆ ಹೇಳು. ಆ ಮೇಲ್ ಅವನ ಕೈಯಲ್ಲೇ ಬರೆಸೋಣ.